ಮಲೇರಿಯಾ ನಿಗ್ರಹ: ಕನ್ನಡ ಜಿಲ್ಲೆಗಳ ಗೋಡೆಗಳೂ ಮುಂಬಯಿಯ ಬಾವಿಗಳೂ

ಸಾರ್ವಜನಿಕ ಆರೋಗ್ಯದಲ್ಲಿ ರಾಷ್ಟ್ರಗಳ ಸಹಕಾರವೆಂದೊಡನೆ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯು ನೆನಪಿಗೆ ಬರುವುದು ಸಹಜ. ಅದರ ಸಂವಿಧಾನವು ಜಾರಿಗೆ ಬಂದುದು 1948ರ ಏಪ್ರಿಲ್ 7ರಂದು. ಆದರೆ ಆ ಸಂಸ್ಥೆ ಮುಂದೆ ಜಗತ್ತಿಗೆ ಬೋಧಿಸಿದ ಮಲೇರಿಯಾ ನೀತಿಯ ಒಂದು ದೊಡ್ಡ ಪರೀಕ್ಷೆಯು ಅದಕ್ಕೂ ಮೊದಲೇ ನಮ್ಮವರ ಮನೆಗಳ ಗೋಡೆಗಳ ಮೇಲೆ ನಡೆದಿತ್ತೆಂಬುದು ಮುಂಬಯಿ ಕನ್ನಡಿಗರಲ್ಲಿಯೂ ಹೆಚ್ಚು ಮಂದಿಗೆ ತಿಳಿಯದು.

ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳು 1956ರವರೆಗೆ ಮುಂಬಯಿ ಸರಕಾರದ ಆಡಳಿತಕ್ಕೆ ಒಳಪಟ್ಟಿದ್ದುವು. ಘಟ್ಟದ ಮೇಲಿನ ಸೀಮೆಯಲ್ಲಿ ಚಳಿಜ್ವರವು ಮನೆಮನೆಯ ಮಾತು. ಗುಲ್ಮ ಬೆಳೆದು ಹೊಟ್ಟೆ ಉಬ್ಬಿದ ಮಕ್ಕಳಿಲ್ಲದ ಹಳ್ಳಿಯೇ ಅಪರೂಪವಾಗಿತ್ತು. 1946ರಲ್ಲಿ ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗೆ ಡಿ. ಡಿ. ಟಿ. ಸಿಂಪಡಿಸುವ ಯೋಜನೆಯನ್ನು ಡಾ. ಡಿ. ಕೆ. ವಿಶ್ವನಾಥನ್ ಅವರು ಕೈಕೊಂಡರು. ಮೊದಲ ವರ್ಷದ ಫಲಿತಾಂಶವನ್ನು ಅವರೂ ಟಿ. ರಾಮಚಂದ್ರ ರಾವ್ ಅವರೂ 1947ರಲ್ಲಿ ಪ್ರಕಟಿಸಿದರು.

ಈ ಕ್ರಮದ ತರ್ಕವನ್ನು ಸ್ವಲ್ಪ ವಿವರಿಸಬೇಕು. ಅಲ್ಲಿ ರೋಗ ಹರಡುತ್ತಿದ್ದ ಫ್ಲೂವಿಯಾಟಿಲಿಸ್ ಜಾತಿಯ ಸೊಳ್ಳೆ ಮೊಟ್ಟೆಯಿಡುವುದು ಹಳ್ಳಗಳ ಅಂಚಿನಲ್ಲಿ ಮಂದವಾಗಿ ಹರಿಯುವ ನೀರಿನಲ್ಲಿ. ಕಾಡಿನ ಹಳ್ಳಗಳಿಗೆಲ್ಲ ಎಣ್ಣೆ ಸುರಿಯುವುದು ಯಾವ ಸರಕಾರಕ್ಕೂ ಆಗದ ಮಾತು. ಆದರೆ ರೋಗಿಯ ರಕ್ತ ಹೀರಿದ ಸೊಳ್ಳೆ ಕೂಡಲೇ ಇನ್ನೊಬ್ಬರಿಗೆ ರೋಗವನ್ನು ಅಂಟಿಸಲಾರದು. ರೋಗಾಣು ಅದರ ದೇಹದಲ್ಲಿ ಪಕ್ವವಾಗಲು ಹತ್ತು ದಿನಗಳಾದರೂ ಬೇಕು. ಅಷ್ಟರಲ್ಲಿ ಅದು ಹಲವು ಸಲ ಮನೆಯ ಗೋಡೆಯ ಮೇಲೆ ಕೂತು ವಿಶ್ರಮಿಸಬೇಕು. ಆ ಗೋಡೆಗೆ ವಾರಗಟ್ಟಲೆ ನಿಲ್ಲುವ ವಿಷವಿದ್ದರೆ ಸಾಕು, ನೀರನ್ನು ಹುಡುಕುವ ಕೆಲಸವೇ ಇಲ್ಲ. ಡಿ. ಡಿ. ಟಿ.ಯ ಕೀಟನಾಶಕ ಗುಣವನ್ನು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ ಕಂಡುಕೊಂಡದ್ದು 1939ರಲ್ಲಿ; ಏಳೇ ವರ್ಷಗಳಲ್ಲಿ ಅದು ನಮ್ಮ ಹಳ್ಳಿಗಳ ಮಣ್ಣಿನ ಗೋಡೆಗಳಿಗೆ ಬಂದಿತ್ತು.

ಅನಂತರದ ಕಥೆ ವೇಗದ್ದು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಮಕ್ಕಳ ನಿಧಿಯೂ ಕೂಡಿ ಭಾರತಕ್ಕೆ ಕಳುಹಿದ ಪ್ರಾತ್ಯಕ್ಷಿಕ ತಂಡಗಳಲ್ಲೊಂದು ಮೈಸೂರಿನ ಮಲೆನಾಡಿಗೆ ಬಂದಿತು. 1953ರಲ್ಲಿ ಅಮೆರಿಕದ ನೆರವಿನೊಡನೆ ರಾಷ್ಟ್ರೀಯ ನಿಯಂತ್ರಣ ಯೋಜನೆ ಆರಂಭವಾಯಿತು. 1955ರಲ್ಲಿ ಮೆಕ್ಸಿಕೋದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯು ನಿಯಂತ್ರಣವಲ್ಲ, ನಿರ್ಮೂಲನವೇ ಗುರಿ ಎಂದು ಸಾರಿತು. 1958ರಲ್ಲಿ ಭಾರತವೂ ಅದನ್ನೇ ಅಂಗೀಕರಿಸಿತು. ಅದೇ ವರ್ಷ ವಿಶ್ವನಾಥನ್ ಅವರು ಈ ವಿಜಯವನ್ನು ಕುರಿತು ಪುಸ್ತಕವೊಂದನ್ನು ಬರೆದು, ಅದು ಭಾರತ-ಅಮೆರಿಕಗಳ ಸಹಕಾರದ ಫಲವೆಂದು ಮುಖಪುಟದಲ್ಲಿಯೇ ಹೇಳಿದರು. ಇದು ವಿನಯವೇ ಸರಿ. ಆ ಸಹಕಾರದಲ್ಲಿ ಕನ್ನಡ ಜಿಲ್ಲೆಗಳ ಪಾಲು ಕೇವಲ ಸ್ವೀಕರಿಸುವವರದಾಗಿರಲಿಲ್ಲ.

ಗೋಡೆಯ ಈ ನೀತಿಗೆ ಮುಂಬಯಿ ಮಾತ್ರ ಹೊಂದಲಿಲ್ಲ. ಇಲ್ಲಿಯ ಸ್ಟೀಫೆನ್ಸಿ ಸೊಳ್ಳೆ ಬೆಳೆಯುವುದು ಬಾವಿ, ತೊಟ್ಟಿ, ಮಾಳಿಗೆಯ ನೀರಿನ ಟಾಂಕಿಗಳಲ್ಲಿ. 1911ರಲ್ಲಿಯೇ ಡಾ. ಬೆಂಟ್ಲಿಯವರ ವರದಿಯು ನಗರದ ಬಾವಿಗಳತ್ತ ಬೆರಳು ತೋರಿಸಿತ್ತು. ಅವುಗಳನ್ನು ಮುಚ್ಚಬೇಕೆಂದಾಗ ಪಾರ್ಸಿಗಳೂ ಹಿಂದೂಗಳೂ ಧರ್ಮದ ಕಾರಣವನ್ನು ಮುಂದೊಡ್ಡಿ ಪ್ರತಿಭಟಿಸಿದರು. ಬಾವಿಯ ನೀರಿಲ್ಲದೆ ಪೂಜೆಯೆಂತು ಎಂಬ ಪ್ರಶ್ನೆ ಹಠದ್ದಲ್ಲ, ಶ್ರದ್ಧೆಯದು. ನಿರ್ಮೂಲನ ಯೋಜನೆಯು ಹಳ್ಳಿಯ ಗೋಡೆಯನ್ನೇ ನೆಚ್ಚಿದ್ದರಿಂದ ನಗರಗಳ ಹೊಣೆ ನಗರಸಭೆಗಳಿಗೇ ಉಳಿಯಿತು. ನಗರ ಮಲೇರಿಯಾ ಯೋಜನೆ ಆರಂಭವಾದದ್ದು 1971ರಲ್ಲಿ. ಅಷ್ಟರಲ್ಲಿ ರೋಗವು ಮರುಕಳಿಸಿತ್ತು. ಸೊಳ್ಳೆಗಳಿಗೆ ಡಿ. ಡಿ. ಟಿ. ಒಗ್ಗಿತು, ಪೂರೈಕೆ ಕುಂದಿತು, ಕಾವಲು ಸಡಿಲವಾಯಿತು. 1976ರಲ್ಲಿ ದೇಶದಲ್ಲಿ ಸುಮಾರು 64 ಲಕ್ಷ ಪ್ರಕರಣಗಳು ದಾಖಲಾದುವು. ಊರಿನಲ್ಲಿ ಚಳಿಜ್ವರದಿಂದ ಪಾರಾಗಿ ಉದ್ಯೋಗಕ್ಕೆ ಮುಂಬಯಿ ಸೇರಿದವರನ್ನು ಇಲ್ಲಿ ಬೇರೊಂದು ಸೊಳ್ಳೆ ಕಾದಿತ್ತು.

ಈ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು ಅನಂತರ ಇಥಿಯೋಪಿಯಕ್ಕೂ ಹರಡಿತು. ಅದನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ವಿಶೇಷ ಕಾರ್ಯಕ್ರಮವೊಂದನ್ನು ಹಮ್ಮಿಕೊಂಡಿತು. ಆ ನಗರಗಳ ಗೃಹಸ್ಥರು ಮಾಡಬೇಕಾದ ಕೆಲಸವೂ, 1911ರಲ್ಲಿ ಮುಂಬಯಿಯ ಮನೆಯೊಡೆಯರಿಗೆ ಹೇಳಿದಂತೆಯೇ, ಶೇಖರಿಸಿದ ನೀರಿಗೆ ಭದ್ರವಾದ ಮುಚ್ಚಳವಿಡುವುದು.