ಸುಡೊ ಹಾಕಿದ್ರೆ ಎಲ್ಲಾ ಸರಿ ಹೋಗಲ್ಲ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಬ್ಯಾಕೋಡಿಗೆ ಹೋಗೋಕೆ ಲಾಂಚ್ ಕಾಯಬೇಕಿಲ್ಲ. ಡೌನ್‌ಲೋಡ್ ಕಾಯೋದು ಮಾತ್ರ ತಪ್ಪಿಲ್ಲ. ನಮ್ಮನೇಲಿ ನೆಟ್‌ವರ್ಕ್ ಜಗಲಿಯ ಒಂದು ಮೂಲೆಗೆ ಬರುತ್ತೆ, ಅದೂ ಅದರ ಮನಸ್ಸಿದ್ದಾಗ.

ದೀಪಾವಳಿಗೆ ಹೋದಾಗ ಅಪ್ಪನ ಅಡಿಕೆ ಲೆಕ್ಕಕ್ಕೆ ಅಂತ ರಾಸ್ಪ್‌ಬೆರಿ ಪೈ ಒಯ್ದಿದ್ದೆ. ಅಂಗೈಯಷ್ಟು ಕಂಪ್ಯೂಟರ್, ಟಿವಿಗೆ ಜೋಡಿಸಿದರೆ ಆಯ್ತು; ಒಳಗಿರೋದು ಡೆಬಿಯನ್ ಆಧಾರಿತ ಲಿನಕ್ಸ್. ಲೆಕ್ಕದ ಆ್ಯಪ್‌ನ ಡೆಬ್ ಫೈಲು ಇಳಿಸೋಕೇ ಒಂದು ಸಂಜೆ ಹೋಯ್ತು. ಡಿಪಿಕೆಜಿ ಕಮಾಂಡ್ ಕೊಟ್ಟೆ, ಸೂಪರ್‌ಯೂಸರ್ ಅಧಿಕಾರ ಬೇಕು ಅಂತು. ಮುಂದೆ ಸುಡೊ ಸೇರಿಸಿದೆ. ಈಗ ಹೊಸ ತಕರಾರು: ಆರ್ಕಿಟೆಕ್ಚರ್ ಹೊಂದಲ್ಲ!

ನಾವೆಲ್ಲ ಎಡವೋದು ಇಲ್ಲೇ. ಸುಡೊ ಅಂದ್ರೆ ಒಂದು ಕೆಲಸದ ಮಟ್ಟಿಗೆ ಅಡ್ಮಿನ್ ಅಧಿಕಾರ ಎರವಲು ಪಡೆಯೋದು, ಅಷ್ಟೇ. ನಾನು ಇಳಿಸಿದ್ದು ಇಂಟೆಲ್, ಎಎಂಡಿ ಚಿಪ್‌ಗೆ ಕಟ್ಟಿದ ಎಎಂಡಿ64 ಪ್ಯಾಕೇಜು. ಪೈ ಒಳಗಿರೋದು ಆರ್ಮ್ ಚಿಪ್. ಬಲವಂತವಾಗಿ ತುರುಕೋ ಆಯ್ಕೆಯೂ ಡಿಪಿಕೆಜಿಯಲ್ಲಿದೆ. ತುರುಕಿದರೂ ಓಡಲ್ಲ.

ಮೊದಲೇ 'ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್' ಕೊಟ್ಟಿದ್ರೆ 'ಆರ್ಮ್64' ಅಂತ ಉತ್ತರ ಬರ್ತಿತ್ತು (32 ಬಿಟ್ ಓಎಸ್ ಆಗಿದ್ರೆ 'ಆರ್ಮ್‌ಎಚ್‌ಎಫ್'). ಇದಕ್ಕೆ ಸುಡೊನೂ ಬೇಡ, ನೆಟ್ಟೂ ಬೇಡ. ಡೆಬ್ ಫೈಲಿನ ಹೆಸರಿನ ಬಾಲದಲ್ಲೂ ಸಾಮಾನ್ಯವಾಗಿ ಅದೇ ಬರೆದಿರುತ್ತೆ. ನಾನು ಓದಿರಲಿಲ್ಲ.

ಮತ್ತೊಂದು ಸಂಜೆ ಜಗಲಿ ಮೂಲೇಲಿ ಕೂತು ಸರಿಯಾದ ಫೈಲು ಇಳಿಸಿದೆ. ಈ ಸಲ ಡಿಪಿಕೆಜಿ ಬದಲು ಏಪಿಟಿ ಬಳಸಿದೆ. ಜೊತೆಗೆ ಬೇಕಾದ ಲೈಬ್ರರಿಗಳನ್ನೂ ಅದೇ ತರುತ್ತೆ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಕೈಗೆ ಚಟ ಹತ್ತಿತ್ತಲ್ಲ, ಆ್ಯಪನ್ನೂ ಸುಡೊ ಹಾಕಿಯೇ ತೆರೆದು, ಅಪ್ಪನ ಫೋಲ್ಡರಿನಲ್ಲಿ ಲೆಕ್ಕದ ಫೈಲು ಸೇವ್ ಮಾಡಿದೆ.

ಬೆಳಗ್ಗೆ ಅಪ್ಪ ತೆರೆದ್ರು. ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ. "ನನ್ನ ಅಡಿಕೆ, ನನ್ನ ಲೆಕ್ಕ, ಇವನ್ಯಾರು ಬೇಡ ಅನ್ನೋಕೆ?" ಅಂದ್ರು. ಇವನು ಅಂದ್ರೆ ರೂಟ್. ಸುಡೊದಲ್ಲಿ ಹುಟ್ಟಿದ ಫೈಲಿಗೆ ಅವನೇ ಒಡೆಯ. ಚೌನ್ ಕಮಾಂಡ್ ಕೊಟ್ಟು, ಪಹಣಿಯಲ್ಲಿ ಹೆಸರು ಬದಲಾಯಿಸಿದ ಹಾಗೆ, ಅಪ್ಪನ ಹೆಸರಿಗೆ ಮಾಡಿದೆ. ಇದಕ್ಕೆ ಮಾತ್ರ ಸುಡೊ ನಿಜವಾಗಿಯೂ ಬೇಕಿತ್ತು.

ಅಪ್ಪನ ಖಾತೆಗೆ ಅಡ್ಮಿನ್ ಅಧಿಕಾರ ಕೊಟ್ಟಿಲ್ಲ. ಅವರು ಕೇಳಿದ್ದೂ ಇಲ್ಲ. ಈಗಲೂ ತೂಕವನ್ನ ಮೊದಲು ಡೈರಿಯಲ್ಲಿ ಬರೆದುಕೊಂಡೇ ಟಿವಿ ಮುಂದೆ ಕೂರ್ತಾರೆ.