ಅಭಿಮಾನಿಯೂ ಸಹೃದಯನೂ: ಕೊರಿಯಾದ ಹಾಡುಗಳ ಪರದೇಶೀಯ ಶ್ರೋತೃಗಳು

ಕಾವ್ಯವು ಕವಿಯಲ್ಲಿ ಹುಟ್ಟಿ ಸಹೃದಯನಲ್ಲಿ ಫಲಿಸುವುದೆಂಬುದು ನಮ್ಮ ಆಲಂಕಾರಿಕರ ಮತವು. ಕಾವ್ಯಗಳ ಅನುಶೀಲನದಿಂದ ಯಾರ ಮನಸ್ಸೆಂಬ ಕನ್ನಡಿಯು ನಿರ್ಮಲವಾಗಿರುವುದೋ ಅವರೇ ಸಹೃದಯರೆಂದು ಅಭಿನವಗುಪ್ತಪಾದರು ಲೋಚನದಲ್ಲಿ ನಿರೂಪಿಸಿರುವರು. ಹಾಗಾದರೆ ಹಾಡಿನ ಭಾಷೆಯನ್ನೇ ಅರಿಯದವನು ಸಹೃದಯನಾಗಬಲ್ಲನೆ? ಆಗಬಲ್ಲನಾದರೆ ಯಾವ ಕ್ರಮದಿಂದ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ಕಾಲದಲ್ಲಿ ದೊರೆತಿರುವ ವಿಶಾಲವಾದ ನಿದರ್ಶನವು ಕೊರಿಯಾ ದೇಶದ ಜನಪ್ರಿಯ ಸಂಗೀತವಾಗಿದೆ. ಇದನ್ನು ಕೆ-ಪಾಪ್ ಎಂದು ವ್ಯವಹರಿಸುವರು.

ಈ ಸಂಗೀತದ ಇಂದಿನ ರೂಪವು 1992ರಲ್ಲಿ ಸೊ ಥೇಜಿ ಎಂಬವನೂ ಅವನ ಸಂಗಡಿಗರೂ ರಂಗಕ್ಕೆ ಬಂದಂದಿನಿಂದ ಮೊದಲಾಯಿತೆಂದು ಹೇಳುವುದು ವಾಡಿಕೆ. 1990ರ ದಶಕದ ಕೊನೆಯಲ್ಲಿ ಚೀನಾದೇಶದ ಪತ್ರಿಕೆಗಳು ಕೊರಿಯಾದಿಂದ ಬಂದ ಹಾಡು ಕಥಾನಕಗಳ ಪ್ರವಾಹಕ್ಕೆ ‘ಕೊರಿಯಾದ ಅಲೆ’ ಎಂಬರ್ಥದ ಹೆಸರನ್ನಿಟ್ಟವು. ಕೊರಿಯನರ ಬಾಯಲ್ಲಿ ಅದು ‘ಹಲ್ಯು’ ಎನಿಸಿತು. 2012ರಲ್ಲಿ ಸೈ ಎಂಬ ಗಾಯಕನ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ವೀಕ್ಷಿಸಲ್ಪಟ್ಟ ಮೊತ್ತಮೊದಲನೆಯ ದೃಶ್ಯವಾಯಿತು. 2013ರಲ್ಲಿ ರಂಗಪ್ರವೇಶ ಮಾಡಿದ ಬಿ.ಟಿ.ಎಸ್. ಎಂಬ ಏಳು ಮಂದಿ ತರುಣರ ಮೇಳವು 2018ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಗೀತಸಂಪುಟಗಳ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಅದೇ ಮೇಳದ, ಬಹುಭಾಗ ಕೊರಿಯನ್ ಭಾಷೆಯಲ್ಲಿಯೇ ಇರುವ ‘ಲೈಫ್ ಗೋಸ್ ಆನ್’ ಎಂಬ ಹಾಡಿಗೆ 2020ರಲ್ಲಿ ಬಿಡಿಹಾಡುಗಳ ಪಟ್ಟಿಯಲ್ಲಿಯೂ ಆ ಸ್ಥಾನವು ದೊರೆಯಿತು.

ನಾನು ಈ ವಿಷಯಕ್ಕೆ ಬಂದುದು ಉಪೇಕ್ಷೆಯ ದಾರಿಯಿಂದಲೇ. ಸಿದ್ಧಾಂತಕೌಮುದಿಯ ಸಂಜ್ಞಾಪ್ರಕರಣವನ್ನು ದಾಟಲಾರದೆ ಪುಸ್ತಕವನ್ನು ಮಡಿಸಿಟ್ಟ ನನ್ನ ತಂಗಿಯ ಮಗಳು ಈ ಹಾಡುಗಳನ್ನು ಹಗಲಿರುಳೂ ಕೇಳುವುದನ್ನು ಕಂಡು, ಅರ್ಥವಾಗದ ಹಾಡಿನಲ್ಲಿ ನಿನಗೇನಿದೆಯೆಂದು ಗದರಿದೆನು. ಅವಳು, “ಮಾವ, ತ್ಯಾಗರಾಜರ ಕೃತಿ ಕೇಳಿ ಕಣ್ಣೊರೆಸಿಕೊಳ್ಳುತ್ತೀರಲ್ಲ, ನಿಮಗೆ ತೆಲುಗು ಬರುತ್ತದೆಯೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡವನ್ನರಿಯದ ತಮಿಳರ ಮಕ್ಕಳೂ ಪುರಂದರದಾಸರ ಪಿಳ್ಳಾರಿಗೀತೆಗಳಿಂದ ಸಂಗೀತಪಾಠವನ್ನಾರಂಭಿಸುವರಷ್ಟೆ. ಆದಕಾರಣ ನಾದವು ಅರ್ಥಕ್ಕಿಂತ ಮುಂದೆ ನಡೆಯುವುದು ಹೊಸತೇನೂ ಅಲ್ಲ. ಇದು ಪ್ರಥಮಸೋಪಾನವು.

ದ್ವಿತೀಯಸೋಪಾನವು ಲಿಪಿ. ಹಾಡನ್ನು ತಾನೂ ಹಾಡಬೇಕೆಂಬ ಆಸೆಯಿಂದ ಪರದೇಶದ ಶ್ರೋತೃವು ಹಂಗುಲ್ ಅಕ್ಷರಗಳನ್ನು ಕಲಿಯುವನು. ಸೇಜೋಂಗ್ ಎಂಬ ಅರಸನು 1443ರಲ್ಲಿ ನಿರ್ಮಿಸಿ 1446ರಲ್ಲಿ ಪ್ರಕಟಪಡಿಸಿದ ಈ ಲಿಪಿಯಲ್ಲಿ ಮೊದಲು 28 ಅಕ್ಷರಗಳಿದ್ದು ಈಗ 24 ಮೂಲಾಕ್ಷರಗಳುಳಿದಿವೆ. ಚೀನೀ ಲಿಪಿಯನ್ನು ಕಲಿಯಲಾರದ ಸಾಮಾನ್ಯ ಜನರಿಗೋಸ್ಕರ ಇದನ್ನು ರಚಿಸಿದುದಾಗಿ ಅರಸನೇ ಹೇಳಿಕೊಂಡಿರುವನು. ನಮ್ಮ ಹುಡುಗಿಯು ಕಾಗದದ ಮೇಲೆ ಕಕಾರವನ್ನು ಬರೆದು, ನಾಲಗೆಯ ಬುಡವು ಗಂಟಲನ್ನು ಮುಚ್ಚುವ ಆಕೃತಿಯೇ ಈ ಅಕ್ಷರವೆಂದಳು. ನಕಾರವು ಮೇಲಂಗುಳನ್ನು ಮುಟ್ಟುವ ನಾಲಗೆ; ಮಕಾರವು ಬಾಯಿ. ಪಕಾರದ ಹೊಟ್ಟೆಯನ್ನು ಸೀಳಿದರೆ ನಮ್ಮಲ್ಲಿ ಫಕಾರವಾಗುವಂತೆ, ಅಲ್ಲಿ ಕಕಾರಕ್ಕೆ ಇನ್ನೊಂದು ಗೆರೆಯನ್ನು ಕೂಡಿಸಿದರೆ ಮಹಾಪ್ರಾಣವಾಗುವುದು. ಸ್ಥಾನಪ್ರಯತ್ನವಿವೇಕವನ್ನು ಅಕ್ಷರದ ರೂಪದಲ್ಲಿಯೇ ಅಡಗಿಸಿದ ಈ ಜಾಣ್ಮೆಯನ್ನು ಕಂಡು ನಾನು ವಿಸ್ಮಿತನಾದೆನು. ಭಾರತೀಯ ವರ್ಣವಿಚಾರವು ಬೌದ್ಧರ ಮೂಲಕ ಚೀನಾದೇಶವನ್ನು ಮುಟ್ಟಿತ್ತು. ಸೇಜೋಂಗನ ಪಂಡಿತರು ಚೀನಾದ ಆ ಶಾಸ್ತ್ರವನ್ನು ಬಲ್ಲವರಾಗಿದ್ದರು.

ತೃತೀಯಸೋಪಾನವು ಪದ. ತರುಣಿಯು ಅಣ್ಣನನ್ನು ‘ಒಪ್ಪ’ ಎಂದೂ ಅಕ್ಕನನ್ನು ‘ಉನ್ನಿ’ ಎಂದೂ ಕರೆಯುವಳು. ತರುಣನಾದರೋ ಅವರನ್ನೇ ‘ಹ್ಯೊಂಗ್’, ‘ನೂನ’ ಎಂದು ಬೇರೆ ಮಾತುಗಳಿಂದ ಕರೆಯುವನು. ಹಿರಿಯರೊಡನೆ ಆಡುವ ಕ್ರಿಯಾಪದದ ಅಂತ್ಯವು ಗೆಳೆಯರೊಡನೆ ಆಡುವಾಗ ಸಲ್ಲದು. ಅಣ್ಣತಮ್ಮಂದಿರನ್ನು ಒಂದೇ ಮಾತಿನಿಂದ ಕರೆಯುವ ಆಂಗ್ಲರಿಗೆ ಇವು ಭಾಷಾಂತರಕ್ಕೆ ಸಿಕ್ಕುವುದಿಲ್ಲ. ಆದ್ದರಿಂದ ಅಭಿಮಾನಿಗಳು ಈ ಮಾತುಗಳನ್ನು ಹಾಗೆಯೇ ಬಳಸತೊಡಗಿದರು. 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟುವು ಹಲ್ಯು, ಒಪ್ಪ, ಉನ್ನಿ ಮೊದಲಾದ ಕೊರಿಯನ್ ಮೂಲದ 26 ಶಬ್ದಗಳನ್ನು ಅಂಗೀಕರಿಸಿತು.

ಈ ಮಾತುಗಳ ಹಿಂದಿನ ಚರಿತ್ರೆಯು ನಾಲ್ಕನೆಯ ಸೋಪಾನವು. 1910ರಿಂದ 1945ರವರೆಗೆ ಕೊರಿಯಾವು ಜಪಾನರ ಅಧೀನವಾಗಿದ್ದಿತು. 1938ರ ತರುವಾಯ ಕೊರಿಯನ್ ಭಾಷೆಯು ಶಾಲೆಗಳಿಂದ ಬಹುಮಟ್ಟಿಗೆ ಹೊರಬಿದ್ದಿತು. 1942ರಲ್ಲಿ ಅಲ್ಲಿಯ ಭಾಷಾಪರಿಷತ್ತಿನ ವಿದ್ವಾಂಸರು ಸೆರೆಯಾದರು. ಅವರು ಸಿದ್ಧಪಡಿಸುತ್ತಿದ್ದ ನಿಘಂಟಿನ ಹಸ್ತಪ್ರತಿಯು ಸರಕಾರದ ವಶವಾಯಿತು. 1945ರಲ್ಲಿ ಅದು ಸಿಯೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ದೊರೆತುದರಿಂದ 1947ರಲ್ಲಿ ಮೊದಲನೆಯ ಸಂಪುಟವು ಹೊರಬಂದು, 1957ರಲ್ಲಿ ಕಾರ್ಯವು ಪೂರ್ಣವಾಯಿತು. ನಿಘಂಟಿನ ಕೆಲಸದ ಕಷ್ಟವನ್ನು ಬಲ್ಲ ವಾಚಕರಿಗೆ ಇದರ ಮೇಲೆ ಹೇಳಬೇಕಾದುದಿಲ್ಲ. ಅದೇ ಜಪಾನಿನಲ್ಲಿ 2003ರಲ್ಲಿ ‘ವಿಂಟರ್ ಸೊನಾಟ’ ಎಂಬ ಕೊರಿಯನ್ ಕಥಾನಕವು ಪ್ರಸಾರವಾದಾಗ, ಅದನ್ನು ಮೆಚ್ಚಿದ ನಡುವಯಸ್ಸಿನ ಗೃಹಿಣಿಯರು ಕೊರಿಯನ್ ಕಲಿಯಲು ತೊಡಗಿದರು. ಆಳಿದವರ ಆಜ್ಞೆಯು ಅಳಿಸಲೆಳಸಿದ ಭಾಷೆಯನ್ನು ಅವರ ಮಕ್ಕಳು ಮೊಮ್ಮಕ್ಕಳು ಪ್ರೀತಿಯಿಂದ ಕಲಿತರು.

ಕೊರಿಯನರಲ್ಲಿಯೂ ಶ್ರೋತೃವಿನ ಮಹಿಮೆಯು ಪ್ರಾಚೀನವಾದುದೇ. ಒಬ್ಬ ಗಾಯಕನೂ ಒಬ್ಬ ಮದ್ದಳೆಗಾರನೂ ಸೇರಿ ದೀರ್ಘಕಥೆಯನ್ನು ಹಾಡುವ ಪಾನ್ಸೊರಿ ಎಂಬ ಕಲೆಯುಂಟು. ಅದರಲ್ಲಿ ನಮ್ಮ ‘ಭಲೆ’ಯಂತಹ ಉದ್ಗಾರಗಳನ್ನು ಮದ್ದಳೆಗಾರನೂ ಸಭಿಕರೂ ತಕ್ಕ ಸ್ಥಳದಲ್ಲಿ ಹಾಕಬೇಕು; ಇವಕ್ಕೆ ಚುಯಿಮ್ಸೆ ಎಂದು ಹೆಸರು. ಹಾಡದಿದ್ದರೂ ಕೇಳುವುದರಲ್ಲಿ ನುರಿತವನನ್ನು ‘ಕಿವಿಯ ಮಹಾಗಾಯಕ’ ಎಂಬರ್ಥದ ಬಿರುದಿನಿಂದ ಗೌರವಿಸುವರು. ನಮ್ಮ ಸಹೃದಯ ಶಬ್ದಕ್ಕೆ ಇದಕ್ಕಿಂತ ಹತ್ತಿರವಾದ ಮಾತನ್ನು ನಾನು ಕಾಣೆನು. ಇಂದಿನ ಸಭೆಗಳಲ್ಲಿಯೂ ಹಾಡಿನ ನಿಯತಸ್ಥಾನಗಳಲ್ಲಿ ಗಾಯಕರ ಹೆಸರುಗಳನ್ನು ಒಕ್ಕೊರಲಿನಿಂದ ಕೂಗುವ ಪದ್ಧತಿಯಿದ್ದು, ಪರದೇಶದವರೂ ಅದನ್ನು ಬಾಯಿಪಾಠಮಾಡಿಕೊಂಡು ಬರುವರು. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾನು ಸಾಧಿಸುವುದಿಲ್ಲ, ಆದರೆ ಬಿ.ಟಿ.ಎಸ್. ಮೇಳದ 2018ರ ‘ಐಡಲ್’ ಹಾಡಿನಲ್ಲಿ ಹಳೆಯ ಉದ್ಗಾರಗಳೇ ಸೇರಿಕೊಂಡಿವೆ.

ಈ ದಾರಿಯಲ್ಲಿ ಜಾರುವ ಸ್ಥಳಗಳೆರಡುಂಟು. ಕೊರಿಯನ್ನಿನಲ್ಲಿ ತಂದೆಯನ್ನು ‘ಅಪ್ಪ’ ಎಂದೂ ತಾಯಿಯನ್ನು ‘ಒಮ್ಮ’ ಎಂದೂ ಕರೆಯುವುದನ್ನು ಕೇಳಿ, ಅದು ದ್ರಾವಿಡಭಾಷೆಗಳ ಬಂಧುವೆಂದು ಹಿಗ್ಗುವವರು ಹಲವರು. 1905ರಲ್ಲಿಯೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸರು ಈ ಎರಡನ್ನೂ ಹೋಲಿಸಿ ವ್ಯಾಕರಣವನ್ನು ರಚಿಸಿದ್ದರು. ಆದರೆ ಶಿಶುಗಳ ತೊದಲುಮಾತುಗಳು ಎಷ್ಟೋ ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಹೋಲುವುವು. ನಿಯತವಾದ ಧ್ವನಿವ್ಯತ್ಯಯವು ಸಿದ್ಧವಾಗದ ಹೊರತು ಬಾಂಧವ್ಯವು ಸಿದ್ಧವಾಗದು. ಭಾಷಾಶಾಸ್ತ್ರಜ್ಞರು ಈ ಮತವನ್ನು ಒಪ್ಪಿಲ್ಲ. ಎರಡನೆಯದು ವ್ಯಾಪಾರ. ಗೀತಸಂಪುಟದೊಳಗೆ ಗಾಯಕರ ಚಿತ್ರಗಳಲ್ಲೊಂದನ್ನು, ಯಾವುದೆಂದು ತಿಳಿಯದಂತೆ, ಇಟ್ಟು ಮಾರುವರು. ಬೇಕಾದ ಚಿತ್ರವು ಸಿಕ್ಕುವವರೆಗೆ ಅದೇ ಸಂಪುಟವನ್ನು ಮತ್ತೆ ಮತ್ತೆ ಕೊಳ್ಳುವವರುಂಟು.

ಸಾಂಖ್ಯರಲ್ಲಿ ಅಭಿಮಾನವೆಂದರೆ ‘ನಾನು, ನನ್ನದು’ ಎಂಬ ಅಹಂಕಾರವೃತ್ತಿ. ಕನ್ನಡದಲ್ಲಿ ಅದೇ ಶಬ್ದವು ಪ್ರೀತಿಯೂ ಆಗಿದೆ. ಪರದೇಶದ ಅಭಿಮಾನಿಯಲ್ಲಿ ಈ ಎರಡರ್ಥಗಳೂ ಕೂಡಿಯೇ ಇರುವುವು. ಚಿತ್ರಸಂಗ್ರಹದಲ್ಲಿ ನಿಂತವನು ಮೊದಲನೆಯದರಲ್ಲಿಯೇ ಉಳಿದನು. ನಾದದಿಂದ ಲಿಪಿಗೆ, ಲಿಪಿಯಿಂದ ಪದಕ್ಕೆ, ಪದದಿಂದ ಆ ಜನರ ಸುಖದುಃಖಗಳಿಗೆ ನಡೆದವನು ಸಹೃದಯನಾದನು. ಹೀಗೆ ನಡೆಯಿಸಿದ್ದು ವ್ಯಾಕರಣವಲ್ಲ, ಅನುರಾಗ. ವ್ಯಾಕರಣವು ಅದರ ಹಿಂದೆ ಬಂದಿತು. ನಾವು ಪಾಠಶಾಲೆಗಳಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಿರುವೆವೋ ಏನೋ ಎಂಬ ಸಂಶಯವು ನನ್ನನ್ನು ಬಾಧಿಸುತ್ತಿದೆ. ಹೋದ ತಿಂಗಳು ಆ ಹುಡುಗಿಯು ತಾನಾಗಿಯೇ ಬಂದು, “ಮಾವ, ಸ್ಥಾನ ಪ್ರಯತ್ನ ಅಂತ ಆವತ್ತು ಹೇಳಿದಿರಲ್ಲ, ಅದನ್ನು ಇನ್ನೊಂದು ಸಲ ಹೇಳಿಕೊಡಿ” ಎಂದಳು. ಮಡಿಸಿಟ್ಟಿದ್ದ ಕೌಮುದಿಯನ್ನು ಪುನಃ ತೆರೆದೆವು. ಅಧ್ಯಾಪಕಮಹಾಶಯರು ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ನನ್ನ ವಿಜ್ಞಾಪನೆ.