ಮಕ್ಕಳ ಧರ್ಮಶಿಕ್ಷಣವೂ ತಾಯಿತಂದೆಗಳ ಹೊಣೆಯೂ

ಸೆಪ್ಟೆಂಬರ್ 8ನೆಯ ತಾರೀಖಿನ ತೆನೆಹಬ್ಬವನ್ನು ಅರಿಯದ ಕಥೋಲಿಕ ಕುಟುಂಬವು ನಮ್ಮ ಸೀಮೆಯಲ್ಲಿಲ್ಲ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನವರಿಗೆ ಅರ್ಪಿಸುವರು. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ತೆನೆಯು ಮನೆಗೆ ಬರುವುದು. ಅದರ ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುವರು. ಬಂಟವಾಳ ತಾಲೂಕಿನ ಫರಂಗಿಪೇಟೆಯಲ್ಲಿ ಗೋವೆಯ ಗುರು ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂದು ಪ್ರತೀತಿ.

ಅನಂತರ 21 ವರ್ಷಗಳಿಗೆ, 1784ರಲ್ಲಿ, ಟಿಪ್ಪುಸುಲ್ತಾನನು ಈ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಗುರುಗಳನ್ನು ಸೀಮೆಯಿಂದ ಹೊರಗಟ್ಟಿದನು. 1799ರಲ್ಲಿ ಸೆರೆ ಬಿಟ್ಟಿತು. ಆ 15 ವರ್ಷಗಳಲ್ಲಿ ಹುಟ್ಟಿದ ಶಿಶುಗಳಿಗೆ ಶಿಲುಬೆಯ ಗುರುತು ಹಾಕಲು ಕಲಿಸುವವರು ತಾಯಿತಂದೆಗಳಲ್ಲದೆ ಮತ್ತಾರಿದ್ದರು?

ಇಂದು ನಮಗೆ ಕೊರತೆಯೆಲ್ಲಿ? ದೇವಾಲಯಗಳುಂಟು, ಕನ್ಯಾಸ್ತ್ರೀಯರ ಶಾಲೆಗಳುಂಟು, ಭಾನುವಾರದ ಧರ್ಮೋಪದೇಶವುಂಟು. ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಸಭೆಯವರಿಗೆ 1999ರಿಂದ ಪ್ರತ್ಯೇಕ ಧರ್ಮಪ್ರಾಂತ್ಯವೇ ಉಂಟು. ಇಷ್ಟೆಲ್ಲ ಇರುವುದರಿಂದಲೇ ನಮ್ಮ ಹೊಣೆಯನ್ನು ಪರರ ಹೆಗಲಿಗೆ ಹೊರಿಸಿ ನಿಶ್ಚಿಂತರಾಗಿರುವೆವು. ಮಕ್ಕಳಿಗೆ ತಾಯಿತಂದೆಗಳೇ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಜ್ಞಾನಸ್ನಾನದ ದಿನ ನಾವು ಕೊಟ್ಟ ಮಾತೂ ಅದೇ ಅಲ್ಲವೇ?

ಮಗನು ಲೆಕ್ಕದಲ್ಲಿ ಹಿಂದುಳಿದರೆ ಅಂದೇ ಮನೆಪಾಠವನ್ನು ಗೊತ್ತುಮಾಡುವೆವು. ಪ್ರಾರ್ಥನೆಯಲ್ಲಿ ಹಿಂದುಳಿದರೆ, ದೊಡ್ಡವನಾದ ಮೇಲೆ ತಾನೇ ಸರಿಹೋಗುವನೆನ್ನುವೆವು. ಪರೀಕ್ಷೆಯ ಕಾಲದಲ್ಲಿ ಮನೆಯಲ್ಲಿ ಮೊದಲು ನಿಲ್ಲುವುದು ಜಪಸರವೇ. ಈ ತಪ್ಪಿಗೆ ನಾವೂ ಹೊರತಲ್ಲ.

ಇನ್ನೊಂದು ತೊಡಕೂ ಇದೆ. ಮನೆಯ ಜಪವು ಕೊಂಕಣಿಯಲ್ಲಿ, ಘಟ್ಟದ ಬುಡದ ಕೆಲವು ಮನೆಗಳಲ್ಲಿ ಮಲೆಯಾಳದಲ್ಲಿ; ಶಾಲೆಯ ಪಾಠವು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮಗುವು ಅರ್ಥವರಿಯದೆ ಒಪ್ಪಿಸಿದ ಜಪವು ನಾಲಗೆಯಲ್ಲೇ ಉಳಿಯುವುದು. ಮೂಡಬಿದಿರೆಯ ಜೈನ ಬಸದಿಯಲ್ಲಿ ಧವಲಾದಿ ತಾಳೆಗ್ರಂಥಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಜನರು ದರ್ಶನಮಾಡಿ ಕೈಮುಗಿಯುತ್ತಿದ್ದರು. 20ನೆಯ ಶತಮಾನದಲ್ಲಿ ಅವು ಅಚ್ಚಾದ ಮೇಲೆಯೇ ಎಲ್ಲರಿಗೂ ಓದಲು ದೊರೆತವು. ಕಾಪಾಡಿದವರ ಶ್ರದ್ಧೆಯು ದೊಡ್ಡದು. ತೆರೆದು ಓದಿಸಿದವರ ಉಪಕಾರವೂ ಸಣ್ಣದಲ್ಲ. ನಮ್ಮ ವಿಶ್ವಾಸವನ್ನೂ ಮಕ್ಕಳ ಮುಂದೆ ಹಾಗೆಯೇ ತೆರೆದಿಡಬೇಕು.

ಇದಕ್ಕೆ ಮಹಾಪಾಂಡಿತ್ಯವು ಬೇಡ. ರಾತ್ರಿಯ ಊಟಕ್ಕೆ ಮುಂಚೆ ಹತ್ತು ನಿಮಿಷ ತಂದೆಯೂ ಮೊಣಕಾಲೂರಲಿ. ತಾಯಿಯೊಬ್ಬಳಿಗೇ ಆ ಭಾರವನ್ನು ಬಿಡಬಾರದು. ಸುವಾರ್ತೆಯ ಒಂದು ಕಥೆಯನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳೋಣ. ಅದು ಪ್ರಶ್ನೆ ಕೇಳಿದರೆ ಗದರದಿರೋಣ. ನಾವು ತಪ್ಪಿದಾಗ ಮಗುವಿನೊಡನೆ ಕ್ಷಮೆ ಬೇಡೋಣ. ನೆರೆಯವರ ಧರ್ಮವನ್ನು ಹಳಿಯುವ ಬಾಯಿಂದ ಪ್ರೀತಿಯ ಉಪದೇಶವು ರುಚಿಸದು.

ನಾಳೆ ಈ ಮಕ್ಕಳು ಬೆಂಗಳೂರಿಗೋ ಕೊಲ್ಲಿನಾಡಿಗೋ ಹೊರಡುವರು. ಅಲ್ಲಿ ಪ್ರಾರ್ಥಿಸೆಂದು ಹೇಳಲು ನಾವಿರುವುದಿಲ್ಲ. ಬಲಾತ್ಕಾರದಿಂದ ಬೆಳೆದ ಭಕ್ತಿಯು ಅಷ್ಟು ದೂರ ನಡೆಯದು. ಫಲವು ದೇವರ ಕೈಯಲ್ಲಿದೆ. ಬಿತ್ತುವ ಕೆಲಸವು ಮಾತ್ರ ನಮ್ಮದು. ಅದರ ಹಂಗಾಮು ಬಲು ಚಿಕ್ಕದು.